ಹಳೆಯ ಸೈಕಲಿಗೆ ವಿದ್ಯುತ್ ಮೋಟಾರ್ ಅಳವಡಿಸುವ ಕ್ರಮ

ಕಾಸರಗೋಡಿನ ಬದಿಯಡ್ಕ, ಪೆರ್ಲದಂತಹ ಏರುತಗ್ಗಿನ ದಾರಿಗಳಿಗೆ 36 ವೋಲ್ಟ್, 250 ವ್ಯಾಟ್‌ನ, ಒಳಗೆ ಗಿಯರ್ ಇರುವ ಹಬ್ ಮೋಟಾರನ್ನು (ಚಕ್ರದ ನಡುವೆಯೇ ಕೂರುವ ಮೋಟಾರು) ಹಿಂದಿನ ಚಕ್ರಕ್ಕೆ ಹಾಕುವುದು ಸೂಕ್ತ. ಮೊದಲು ಫ್ರೇಮಿನಲ್ಲಿ ತುಕ್ಕು, ಬಿರುಕು ಇಲ್ಲವೆಂದು ಖಚಿತಪಡಿಸಿಕೊಂಡು, ಸವೆದ ಬ್ರೇಕ್ ರಬ್ಬರುಗಳನ್ನು ಬದಲಾಯಿಸಬೇಕು. ಮೋಟಾರಿನ ಆಕ್ಸಲ್ (ನಡುವಿನ ಅಚ್ಚು) ತಾನೇ ತಿರುಗಿದರೆ ಫ್ರೇಮ್ ಹಾಳಾಗಿ ಚಕ್ರವೇ ಕಳಚಬಹುದಾದ್ದರಿಂದ ಆಕ್ಸಲ್ ತಿರುಗದಂತೆ ಫ್ರೇಮಿಗೆ ಹಿಡಿದಿಡುವ ಲೋಹದ ಪಟ್ಟಿಯಾದ ಟಾರ್ಕ್ ಆರ್ಮ್ ಬಿಗಿಯುವುದನ್ನು ಎಂದಿಗೂ ಬಿಡಬಾರದು. ಬ್ರೇಕ್ ಹಿಡಿದೊಡನೆ ಮೋಟಾರ್ ನಿಲ್ಲಿಸುವ ಲಿವರ್‌ಗಳೂ ಅಷ್ಟೇ ಮುಖ್ಯ. ಬ್ಯಾಟರಿಯನ್ನು ಮನೆಯಲ್ಲಿ ಬಿಡಿ ಸೆಲ್‌ಗಳಿಂದ ಕಟ್ಟುವುದು ಬೆಂಕಿಗೆ ಆಹ್ವಾನ. ರಕ್ಷಣಾ ಸರ್ಕ್ಯೂಟ್ ಇರುವ ಸಿದ್ಧ ಬ್ಯಾಟರಿಯನ್ನೇ ಕೊಂಡು, ಫ್ರೇಮಿನ ನಡುವೆ ಕೂರಿಸಿ, ಎಲ್ಲ ತಂತಿಗಳನ್ನು ಪರೀಕ್ಷಿಸಿದ ಮೇಲಷ್ಟೇ ಜೋಡಿಸಿರಿ. ನಮ್ಮ ಕಾಸರಗೋಡಿನ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ನೀರು ತಂತಿಯ ಗುಂಟ ಹರಿದು, ಮೋಟಾರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಕಂಟ್ರೋಲರ್ ಸೇರುತ್ತದೆ. ಆದುದರಿಂದ ಪ್ರತಿ ತಂತಿಯೂ ಒಳಹೋಗುವ ಮುನ್ನ ಕೆಳಕ್ಕೆ ಬಾಗಿ, ಅಲ್ಲಿಯೇ ನೀರು ತೊಟ್ಟಿಕ್ಕುವಂತಿರಲಿ.