ಕೊನೆಯ ಗುಟುಕು ಎಷ್ಟು ಹೊತ್ತಿಗೆ?

ಗಂಡಸರ ಮದ್ಯವ್ಯಸನ ವಾರ್ಡಿನಲ್ಲಿ ನಾವು ಮೊದಲು ಕೇಳುವುದು ‘ಕೊನೆಗೆ ಕುಡಿದದ್ದು ಎಷ್ಟು ಗಂಟೆಗೆ’ ಎಂದು. ಮುಂದಿನ ನಾಲ್ಕು ದಿನದ ಲೆಕ್ಕವೆಲ್ಲ ಅಲ್ಲಿಂದ ಶುರು. ದಿನವೂ ಹೆಚ್ಚು ಕುಡಿಯುವವರು ನಿಲ್ಲಿಸಿದರೆ 6ರಿಂದ 8 ಗಂಟೆಯೊಳಗೆ ಕೈನಡುಕ, ಬೆವರು, ವಾಕರಿಕೆ ಬರುತ್ತವೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ 48 ಗಂಟೆಯೊಳಗೆ. ಎರಡು ದಿನ ದಾಟಿತು, ಗೆದ್ದೆವು ಎಂದು ಮನೆಯವರು ಕರೆದುಕೊಂಡು ಹೊರಡುವುದೇ ಅಪಾಯ. ಮೂರನೇ ರಾತ್ರಿ ಕೆಲವು ರೋಗಿಗಳು ಹೊದಿಕೆಯ ಮೇಲೆ ಇಲ್ಲದ ದಾರ ಎಳೆಯುತ್ತಾರೆ, ‘ಇರುವೆ ಹತ್ತಿವೆ, ಕೊಡವಿ’ ಎನ್ನುತ್ತಾರೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಒಯ್ದರೆ ಜೀವಕ್ಕೇ ಕುತ್ತು. ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

‘ಒಂದೇ ಕ್ವಾರ್ಟರ್ ಸಾರ್’ ಎನ್ನುವವರನ್ನು ನೈಂಟಿಯ (90 ಮಿ.ಲೀ.) ಲೆಕ್ಕದಲ್ಲಿ, ಹೊತ್ತುಹೊತ್ತಿಗೆ ಬಿಡಿಸಿ ಕೇಳುತ್ತೇವೆ. ಶೇ 42.8 ಆಲ್ಕೋಹಾಲ್ ಇರುವ ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ.ಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್, ಅದೇನು ಕಡಿಮೆಯಲ್ಲ. ಹಲ್ಲುಜ್ಜುವ ಮೊದಲೇ ಬೇಕೆನ್ನುವವರು, ಹಿಂದೆ ಫಿಟ್ಸ್ ಬಂದವರು ಮನೆಯಲ್ಲಿ ಒಮ್ಮೆಲೇ ಬಿಡಬಾರದು. ನಡುಕ ನೋಡಲು ಕೈ ಮುಂದೆ ಚಾಚಿಸಿ, ಬೆರಳು ಅಗಲಿಸಿ, ಅಂಗೈ ಹಿಂಬದಿ ಒಂದು ಹಾಳೆ ಇಡುತ್ತೇವೆ. ಸಣ್ಣ ನಡುಕವೂ ಹಾಳೆಯ ಅಂಚಿನಲ್ಲಿ ಕಂಡುಬಿಡುತ್ತದೆ.

ನಿಶ್ಶಕ್ತಿ, ಗ್ಲೂಕೋಸ್ ಏರಿಸಿ ಎಂದು ಮನೆಯವರು ಒತ್ತಾಯಿಸುತ್ತಾರೆ. ಥಯಮಿನ್, ಅಂದರೆ ಬಿ1 ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ಕುಡಿತದಿಂದ ಬರಿದಾದ ಮೈಯಲ್ಲಿ ಉಳಿದ ಚೂರುಪಾರು ಬಿ1 ಅನ್ನೂ ಗ್ಲೂಕೋಸ್ ತಿಂದುಹಾಕುತ್ತದೆ. ಆಗ ಕಣ್ಣುಗುಡ್ಡೆ ಅದುರಿ, ನಡಿಗೆ ತೂರಾಡಿ, ನೆನಪು ಶಾಶ್ವತವಾಗಿ ಹೋಗಬಹುದು. ನಡುಕ ತಗ್ಗಿಸುವ ಕ್ಲೋರ್‌ಡಯಾಜೆಪಾಕ್ಸೈಡ್ ಅನ್ನು ವೈದ್ಯರು 5ರಿಂದ 7 ದಿನದಲ್ಲಿ ಇಳಿಸುತ್ತಾ ನಿಲ್ಲಿಸುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಆ ಸ್ಟ್ರಿಪ್ ಮನೆಗೆ ಕಳಿಸುವುದಿಲ್ಲ, ಅದೂ ಚಟವಾಗುತ್ತದೆ.

ಮಾತು ಹೊರಡುವುದು ನಾಲ್ಕೈದನೇ ದಿನ. ಆಗ ಹೆಂಡತಿಯನ್ನು ಹೊರಗೆ ಕೂರಿಸಿ ಅರ್ಧ ಗಂಟೆ ಮಾತಾಡುತ್ತೇವೆ. ಲೈಂಗಿಕ ದೌರ್ಬಲ್ಯ, ಹೆಂಡತಿಯ ಮೇಲಿನ ಸಂಶಯ, ಸಾಲ: ಗಂಡಸರು ತಾವಾಗಿ ಎತ್ತದ ವಿಷಯಗಳಿವು, ನಾವೇ ಎತ್ತಬೇಕು. ಕುಡಿತ ಬಿಟ್ಟಮೇಲೂ ಕೆಲವು ವಾರ ನಿದ್ದೆ ಸರಿಹೋಗದು ಎಂದು ಮೊದಲೇ ಹೇಳಿಡುತ್ತೇವೆ. ಹೇಳದಿದ್ದರೆ ‘ನಿದ್ದೆಗೆ ಒಂದೇ ನೈಂಟಿ’ ಎಂದು ಮತ್ತೆ ಶುರುವಾಗುತ್ತದೆ.

ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆಯನ್ನು ಗುಟ್ಟಾಗಿ ಸಾರಿನಲ್ಲಿ ಬೆರೆಸುವ ಮನೆಗಳಿವೆ. ಖಂಡಿತ ಬೇಡ. ತಿಳಿಯದೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು ಪ್ರಾಣಕ್ಕೆ ಬರಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಈ ಅಪಾಯ ಉಂಟು. ಒಪ್ಪಿದವರಿಗಷ್ಟೇ, ಅವರ ಕಣ್ಣೆದುರೇ ಕೊಡಬೇಕು.

ಮನೆಗೆ ಕಳಿಸುವಾಗ ಮೊದಲ ನಾಲ್ಕು ಶನಿವಾರಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ಬಟವಾಡೆಯ ದಿನ ಕೈಯಲ್ಲಿ ಕಾಸು, ಪಕ್ಕದಲ್ಲಿ ಗೆಳೆಯರು, ದಾರಿಯಲ್ಲಿ ಅಂಗಡಿ. ಕೂಲಿ ಯಾರ ಕೈಗೆ, ಯಾವ ದಾರಿಯಲ್ಲಿ ಮನೆಗೆ ಎಂಬುದನ್ನು ಅವರೇ ಬರೆಯಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 8 ದಿನದ ಮದ್ಯವರ್ಜನ ಶಿಬಿರಗಳ ಬೆನ್ನಿಗೆ ನವಜೀವನ ಸಮಿತಿಗಳಿರುವುದೂ ಇದಕ್ಕೇ: ಬಿಟ್ಟವರ ಜೊತೆ ಬಿಟ್ಟವರೇ ಕೂರುವುದು. ಶನಿವಾರ ಸಂಜೆ 5ಕ್ಕೆ ನಮ್ಮ ಫೋನ್ ಹೋಗುತ್ತದೆ. ಎತ್ತದಿದ್ದರೆ, ಮೊದಲೇ ಒಪ್ಪಿ ಬರೆದುಕೊಟ್ಟ ಅಣ್ಣನಿಗೋ ಅವ್ವನಿಗೋ.