ಮಕ್ಕಳ ಆಶ್ರಮಕ್ಕೆ ಕ್ರಿಸ್ಮಸ್ ಉಡುಗೊರೆ ಒಯ್ಯುವ ಬಗೆ

ಕ್ರಿಸ್ಮಸ್ಸಿಗೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲದ ಮೊದಲ ಭಾನುವಾರ ಬಂತೆಂದರೆ ಬೆಂಗಳೂರಿನ ಅನೇಕ ಕ್ರೈಸ್ತ ಸಭೆಗಳಲ್ಲಿ (ಚರ್ಚುಗಳಲ್ಲಿ) ಆರಾಧನೆಯ ಕೊನೆಗೆ ಒಂದು ಪ್ರಕಟಣೆ ಇದ್ದೇ ಇರುತ್ತದೆ: ಈ ಬಾರಿ ಯಾವ ಅನಾಥಾಶ್ರಮದ ಮಕ್ಕಳಿಗೆ ಉಡುಗೊರೆ ಕೊಡೋಣ, ಯಾರು ಎಷ್ಟು ಹಾಕುತ್ತೀರಿ. ಹಣ ಸೇರುವುದು ಕಷ್ಟವಲ್ಲ. ಆ ಹಣ ಒಂದೊಂದು ಮಗುವಿನ ಕೈಗೂ ಅದಕ್ಕೆ ಒಪ್ಪುವ ವಸ್ತುವಾಗಿ ತಲುಪುವುದೇ ಕಷ್ಟ. ನಮ್ಮ ಸಭೆಯ ಯುವಜನ ಸಂಘದ ಪರವಾಗಿ ಹಲವು ವರ್ಷ ಈ ಓಡಾಟ ಮಾಡಿದ ಅನುಭವದಿಂದ ಹೇಳುವುದಾದರೆ, ಕೆಲಸ ಆರಂಭವಾಗಬೇಕಾದದ್ದು ಆಶ್ರಮದ ಅಧೀಕ್ಷಕರ ಕೊಠಡಿಯಲ್ಲಿ, ಅದೂ ಅಕ್ಟೋಬರ್ ಮುಗಿಯುವುದರೊಳಗೆ; ಅಂಗಡಿ ಆಮೇಲಿನ ಮಾತು.

ಮೊದಲು ಸಂಸ್ಥೆಯ ನೋಂದಣಿ ಪತ್ರವನ್ನು ನೋಡಬೇಕು. 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಯೂ, ಸರ್ಕಾರದ್ದಾಗಲಿ ಮಿಷನ್ನಿನದ್ದಾಗಲಿ, ನೋಂದಣಿಯಾಗಿರಲೇಬೇಕು. ಪತ್ರ ತೋರಿಸಿ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಸಂದೇಹವಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಸರ್ಕಾರಿ ಬಾಲಮಂದಿರವನ್ನು ಆರಿಸಿಕೊಂಡರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ. ಗೇಟಿನ ಮುಂದೆ ನಿಂತು ಯಾರಿಂದಲೋ ಫೋನ್ ಮಾಡಿಸಿ ಒಳಗೆ ಹೋಗುವ ಅಭ್ಯಾಸ ಅಲ್ಲಿ ನಡೆಯದು, ನಡೆಯಲೂ ಬಾರದು. ಇನ್ನೊಂದು ಮಾತು: ಅನಾಥಾಶ್ರಮ ಎಂಬ ಪದ ನಮ್ಮ ಬಾಯಲ್ಲಿ ರೂಢಿಯಾಗಿದ್ದರೂ ಅಲ್ಲಿರುವ ಎಷ್ಟೋ ಮಕ್ಕಳಿಗೆ ತಾಯಿಯೋ ಅಜ್ಜಿಯೋ ಇರುತ್ತಾರೆ, ಬಡತನದಿಂದಲೋ ಕಾಯಿಲೆಯಿಂದಲೋ ಸಾಕಲಾರದೆ ಬಿಟ್ಟಿರುತ್ತಾರೆ. ಮಕ್ಕಳ ಮುಂದೆ ಆ ಪದವನ್ನು ಆಡಬೇಡಿ. ಬ್ಯಾನರಿನ ಮೇಲಂತೂ ಬರೆಸಲೇಬೇಡಿ.

ಆಮೇಲೆ ಪಟ್ಟಿ. ಪ್ರತಿ ಮಗುವನ್ನು ಕರೆಯುವ ಹೆಸರು, ವಯಸ್ಸು, ತರಗತಿ, ಬಟ್ಟೆಯ ಅಳತೆ, ಕಾಲಿನ ಅಳತೆ, ಅಲರ್ಜಿ ಅಥವಾ ಅಂಗವೈಕಲ್ಯವಿದ್ದರೆ ಅದು, ಇಷ್ಟನ್ನು ಕೇಳಿ. ಮನೆಯ ಕಥೆಯನ್ನು ಕೇಳಬೇಡಿ. ಕಾಲಿನ ಅಳತೆಗೆ ಹಳೆಯ ವೃತ್ತಪತ್ರಿಕೆಗಿಂತ ಉತ್ತಮವಾದ ಸಾಧನವಿಲ್ಲ. ಮಗು ಅದರ ಮೇಲೆ ನಿಲ್ಲುತ್ತದೆ, ವಾರ್ಡನ್ ಅಮ್ಮ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಹೆಸರು ಬರೆಯುತ್ತಾರೆ, ಆ ಕಾಗದವನ್ನೇ ಕತ್ತರಿಸಿ ಅಂಗಡಿಗೆ ಒಯ್ಯುವುದು. ವಯಸ್ಸಿನ ಅಂದಾಜಿನ ಮೇಲೆ ಶೂ ಕೊಂಡ ಒಂದು ವರ್ಷ, ಹನ್ನೊಂದರ ಹುಡುಗನೊಬ್ಬ ಚಿಕ್ಕದಾದ ಶೂವಿನೊಳಗೆ ಬೆರಳುಗಳನ್ನು ತುರುಕಿ, ಹಿಮ್ಮಡಿ ಹೊರಗೇ ಇಟ್ಟುಕೊಂಡು ಕಾರ್ಯಕ್ರಮ ಮುಗಿಯುವವರೆಗೂ ನಗುತ್ತಲೇ ನಿಂತಿದ್ದ. ಬದಲಾಯಿಸಿಕೊಡಿ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ, ನಮಗೆ ಗೊತ್ತಾದದ್ದು ವಾರದ ನಂತರ. ಪಟ್ಟಿಯಲ್ಲಿ 40 ಹೆಸರಿದ್ದರೆ 45 ಪೊಟ್ಟಣ ಕಟ್ಟುವುದನ್ನೂ ಮರೆಯಬೇಡಿ, ಏಕೆಂದರೆ ಮಕ್ಕಳ ಕಲ್ಯಾಣ ಸಮಿತಿಯು ಯಾವ ದಿನ ಬೇಕಾದರೂ ಹೊಸ ಮಗುವನ್ನು ಕಳುಹಿಸಬಹುದು, ಹಿಂದಿನ ರಾತ್ರಿ ತಾನೇ ಬಂದ ಮಗು ಬರಿಗೈಯಲ್ಲಿ ಕೂರುವಂತಾಗಬಾರದು.

ಕೊಳ್ಳುವ ಜಾಗ ಬೆಂಗಳೂರಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ: ನೋಟ್‌ಬುಕ್ಕು, ಬಣ್ಣ, ಜಾಮಿಟ್ರಿ ಬಾಕ್ಸಿಗೆ ಅವೆನ್ಯೂ ರಸ್ತೆ ಮತ್ತು ಸುಲ್ತಾನಪೇಟೆ, ಬಟ್ಟೆಗೆ ಚಿಕ್ಕಪೇಟೆ. ಮೆಟ್ರೊದಲ್ಲಿ ಹೋಗಿ, ವಾರದ ದಿನ ಹೋಗಿ. ಭಾನುವಾರ ಸಗಟು ಅಂಗಡಿಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿರುವುದರಿಂದ ಅದನ್ನು ನೋಡಿಯೇ ಕೊಳ್ಳಿ, ಮೂರು ವರ್ಷದೊಳಗಿನವರಿಗೆ ಬಿಡಿಭಾಗ ಕಳಚಿ ಬರುವಂಥದ್ದನ್ನು ಕೊಡಬೇಡಿ. ಹದಿನಾಲ್ಕರ ಹುಡುಗಿಗೆ ಗೊಂಬೆ ಕೊಟ್ಟರೆ ಅವಳು ಅದನ್ನು ಚಿಕ್ಕವರಿಗೆ ದಾಟಿಸಿ ಸುಮ್ಮನಾಗುತ್ತಾಳೆ. ಎಲ್ಲವನ್ನೂ ಹಂಚಿಕೊಂಡು ಬದುಕುವ ಜಾಗದಲ್ಲಿ ದೊಡ್ಡ ಮಕ್ಕಳಿಗೆ ಬಹಳ ಬೇಕಾದದ್ದು ತನ್ನದೇ ಎನ್ನುವ ಒಂದು ಮೂಲೆ. ನಾವು ಒಮ್ಮೆ ಬೀಗವಿರುವ ಪುಟ್ಟ ಟ್ರಂಕು ಕೊಟ್ಟಾಗ ಒಬ್ಬಳು ಒಳಗೆ ಏನಿದೆ ಎಂದು ನೋಡುವ ಮೊದಲೇ ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಎಲ್ಲರಿಗೂ ಒಂದೇ ವಸ್ತು ಬೇಕಿಲ್ಲ, ಆದರೆ ಬೆಲೆ ಹೆಚ್ಚುಕಡಿಮೆ ಒಂದೇ ಇರಲಿ. ಹಳೆಯ ಬಟ್ಟೆಯನ್ನು ಈ ಪೊಟ್ಟಣಕ್ಕೆ ಸೇರಿಸಬೇಡಿ.

ತಿಂಡಿಯ ವಿಷಯದಲ್ಲಿ ಅಧೀಕ್ಷಕರ ಮಾತೇ ಕೊನೆ. ಮನೆಯಲ್ಲಿ ಕರಿದ ಕಲ್ಕಲ್, ರೋಸ್ ಕುಕೀಸ್ ಎಷ್ಟೇ ಪ್ರೀತಿಯಿಂದ ಮಾಡಿದ್ದರೂ ಹೊರಗಿನ ಆಹಾರವನ್ನು ಒಪ್ಪದ ಸಂಸ್ಥೆಗಳಿವೆ. ಪ್ಲಮ್ ಕೇಕಿನ ಹಣ್ಣನ್ನು ರಮ್ಮಿನಲ್ಲಿ ನೆನೆಸಿಲ್ಲವೆಂದು ಬೇಕರಿಯವರಿಂದ ಖಚಿತಪಡಿಸಿಕೊಳ್ಳಿ.

ದಿನದ ಆಯ್ಕೆಯಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಡಿಸೆಂಬರಿನ ಕೊನೆಯ ಎರಡು ವಾರ ಕಂಪನಿಗಳು, ಕಾಲೇಜುಗಳು, ಸಭೆಗಳು ಎಲ್ಲವೂ ಒಂದೇ ಬಾಗಿಲಿಗೆ ಬರುತ್ತವೆ; ಒಂದೇ ದಿನ ಮೂರು ಕೇಕ್ ಕತ್ತರಿಸಿ, ಮೂರು ಸಲ ಚಪ್ಪಾಳೆ ತಟ್ಟಿದ ಮಕ್ಕಳನ್ನು ನಾನೇ ನೋಡಿದ್ದೇನೆ. ಮೂಡಣ ದೇಶದ ಜ್ಞಾನಿಗಳು ಶಿಶು ಯೇಸುವಿಗೆ ಚಿನ್ನ, ಧೂಪ, ರಕ್ತಬೋಳ ತಂದದ್ದನ್ನು ಸಭೆ ನೆನೆಯುವುದು ಜನವರಿ 6ರಂದು; ಉಡುಗೊರೆಗೆ ಅದಕ್ಕಿಂತ ಒಪ್ಪುವ ದಿನ ಯಾವುದು?

ಹಾಡು, ನಾಟಕ, ಪ್ರಾರ್ಥನೆಗಳಿಗೆ ಸಂಸ್ಥೆಯ ಒಪ್ಪಿಗೆ ಬೇಕು, ಏಕೆಂದರೆ ಅಲ್ಲಿ ಎಲ್ಲ ಧರ್ಮದ ಮಕ್ಕಳೂ ಇರುತ್ತಾರೆ. ಬೈಬಲ್ ವಾಕ್ಯವನ್ನು ಬಾಯಿಪಾಠ ಒಪ್ಪಿಸಿದವರಿಗೆ ಮಾತ್ರ ಬಹುಮಾನ ಎಂಬಂಥ ಷರತ್ತು ಖಂಡಿತ ಕೂಡದು. 2022ರಲ್ಲಿ ಕರ್ನಾಟಕ ತಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯು ಮತಾಂತರಕ್ಕೆ ಒಡ್ಡುವ ಆಮಿಷದ ವ್ಯಾಖ್ಯೆಯೊಳಗೆ ಉಡುಗೊರೆಯನ್ನೂ ಸೇರಿಸಿತ್ತು. ಆದರೆ ಕಾಯ್ದೆಯ ಭಯಕ್ಕಿಂತ ಮೊದಲು, ಪ್ರತಿಫಲ ಕೇಳಿದ ಮೇಲೆ ಅದು ಉಡುಗೊರೆಯಾಗಿ ಉಳಿಯುವುದಿಲ್ಲ ಎಂಬುದನ್ನು ಕಾರ್ಯಕರ್ತರಿಗೆ ತಿಳಿಸಿ ಹೇಳಿ.

ಫೋಟೊದ ಬಗ್ಗೆಯೂ ಮೊದಲೇ ಕಟ್ಟುನಿಟ್ಟಾಗಿರಬೇಕು. ಇಂಥ ಮಕ್ಕಳ ಗುರುತು ಬಹಿರಂಗವಾಗುವಂತೆ ಹೆಸರು, ಶಾಲೆ, ಚಿತ್ರ ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ತಪ್ಪಿದವರಿಗೆ 6 ತಿಂಗಳವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ದಾನಿಗಳಿಗೆ ತೋರಿಸಲೇಬೇಕಾದರೆ ಕಟ್ಟಿಟ್ಟ ಪೊಟ್ಟಣಗಳ ಚಿತ್ರ ಸಾಕು.

ಆ ದಿನ ಎಂಟು ಹತ್ತು ಜನರಿಗಿಂತ ಹೆಚ್ಚು ಹೋಗಬೇಡಿ. ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸದೆ, ಅವರ ಜೊತೆ ಚಾಪೆಯ ಮೇಲೆ ಕುಳಿತು, ಹೆಸರು ಹಿಡಿದು ಕರೆದು ಕೊಡಿ. ಅಲ್ಲೇ ಬಿಚ್ಚಬೇಕೆಂದು ಒತ್ತಾಯಿಸಬೇಡಿ. ಮತ್ತೆ ಬರುತ್ತೇವೆ ಎಂಬ ಮಾತನ್ನು ಬರುವುದು ಖಚಿತವಿದ್ದರೆ ಮಾತ್ರ ಆಡಿ, ಮಕ್ಕಳು ದಿನ ಎಣಿಸುತ್ತಾರೆ. ಹೊರಡುವಾಗ ಕೊಟ್ಟದ್ದನ್ನೆಲ್ಲ ದಾಸ್ತಾನು ಪುಸ್ತಕದಲ್ಲಿ ಬರೆಸಿ, ಉಳಿದ ಪೊಟ್ಟಣಗಳನ್ನು ಚೀಟಿಯ ಮೇಲೆ ಹೆಸರಿನ ಜಾಗ ಖಾಲಿ ಬಿಟ್ಟು ವಾರ್ಡನ್ ಅಮ್ಮನ ಬೀರುವಿನಲ್ಲಿ ಇರಿಸಿ ಬನ್ನಿ; ಫೆಬ್ರವರಿಯಲ್ಲಿ ಬರುವ ಮಗುವಿನ ಹೆಸರನ್ನು ಅವರು ಬರೆದುಕೊಳ್ಳುತ್ತಾರೆ.