ಬೆಕ್ಕಿರುವ ಮನೆಯಲ್ಲಿ ಮನಿ ಪ್ಲಾಂಟ್: ನನ್ನ ಅನುಭವ

ಬೆಕ್ಕು ಸಾಕಿದ ಮನೆಯಲ್ಲಿ ಮನಿ ಪ್ಲಾಂಟ್ ಇಡಬಹುದೇ ಎಂದು ಪರಿಚಿತರು ಆಗಾಗ ಕೇಳುತ್ತಿರುತ್ತಾರೆ. ಬೆಕ್ಕಿನ ಬಾಯಿಗೆ ಸಿಗದ ಹಾಗೆ ಇಡಲು ಸಾಧ್ಯವಿದ್ದರೆ ಇಡಬಹುದು, ಇಲ್ಲದಿದ್ದರೆ ಬೇಡ ಎಂಬುದು ನನ್ನ ಉತ್ತರ. ಎರಡು ಬೆಕ್ಕುಗಳೂ ಸಾಕಷ್ಟು ಕುಂಡಗಳೂ ಒಂದೇ ಸೂರಿನಡಿ ಇರುವ ನಮ್ಮ ಮನೆಯಲ್ಲಿ ಇದನ್ನು ಹೇಗೆ ಹೊಂದಿಸಿಕೊಂಡಿದ್ದೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಮನಿ ಪ್ಲಾಂಟ್ ಎನ್ನುವ ಎಪಿಪ್ರೆಮ್ನಮ್ ಆರಿಯಮ್ ಕೆಸುವಿನ ಕುಟುಂಬದ ಬಳ್ಳಿ. ಪತ್ರೊಡೆಗೆ ಕೆಸುವಿನ ಎಲೆ ಹೆಚ್ಚುವಾಗ ಕೈ ತುರಿಸುವುದನ್ನೂ, ಹುಣಸೆಹುಳಿ ಕಡಿಮೆಯಾದರೆ ಗಂಟಲು ಕೆರೆಯುವುದನ್ನೂ ಬಲ್ಲವರಿಗೆ ಇದರ ಗುಣ ಅರ್ಧ ತಿಳಿದಂತೆಯೇ. ಎರಡರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ, ಸೂಜಿಯಾಕಾರದ ಅತಿ ಸೂಕ್ಷ್ಮ ಹರಳುಗಳಿರುತ್ತವೆ. ಬೆಕ್ಕು ಎಲೆಯನ್ನೋ ದಂಟನ್ನೋ ಕಚ್ಚಿದಾಗ ಜೀವಕೋಶಗಳು ಒಡೆದು, ಆ ಹರಳುಗಳು ತುಟಿ, ನಾಲಿಗೆ, ಗಂಟಲುಗಳ ಒಳಪದರಕ್ಕೆ ಚುಚ್ಚಿಕೊಳ್ಳುತ್ತವೆ. ಉರಿ ಕೂಡಲೇ ಏಳುವುದರಿಂದ ಸಾಮಾನ್ಯವಾಗಿ ಬೆಕ್ಕು ಹೆಚ್ಚು ತಿನ್ನುವುದಿಲ್ಲ. ಈ ಗಿಡದಿಂದ ಬೆಕ್ಕಿನ ಪ್ರಾಣಕ್ಕೆ ಕುತ್ತು ಬರುವುದು ಅಪರೂಪವಾಗಲು ಮುಖ್ಯ ಕಾರಣ ಇದೇ.

ಅಪರೂಪವೆಂದ ಮಾತ್ರಕ್ಕೆ ಆ ನೋವು ಸಣ್ಣದೇನಲ್ಲ. ತಂಗಿಯ ಮನೆಯ ಬೆಕ್ಕಿನ ಮರಿಯೊಂದು ಇದರ ಎಳೆ ಎಲೆಯನ್ನು ಕಚ್ಚಿದಾಗ ನಾನು ಅಲ್ಲಿಯೇ ಇದ್ದೆ. ಎಲೆಯ ಅಂಚಿನಲ್ಲಿ ಉಳಿದದ್ದು ಹಲ್ಲಿನ ಎರಡು ಸಣ್ಣ ತೂತುಗಳು ಮಾತ್ರ. ಅಷ್ಟಕ್ಕೇ ಮರಿಯ ಗದ್ದದಿಂದ ನೊರೆಜೊಲ್ಲು ಇಳಿಯತೊಡಗಿತು. ಅದು ಮುಂಗಾಲಿನಿಂದ ಬಾಯಿಯನ್ನು ಉಜ್ಜಿಕೊಳ್ಳುತ್ತಾ, ತಲೆ ಕೊಡವುತ್ತಾ ಮಂಚದ ಕೆಳಗೆ ಸೇರಿತು. ಪಶುವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಒದ್ದೆ ಬಟ್ಟೆಯಿಂದ ಬಾಯಿಯನ್ನು ಒರೆಸಿ, ಸ್ವಲ್ಪ ಮೊಸರು ನೆಕ್ಕಿಸಿದೆವು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಬೇಡ, ಗಂಟಲು ಊದಿಕೊಂಡು ಉಸಿರಾಟಕ್ಕೆ ಕಷ್ಟವಾಗುವಂತಿದ್ದರೆ ತಡಮಾಡದೆ ಕರೆತನ್ನಿ ಎಂದು ಅವರು ಎಚ್ಚರಿಸಿದ್ದರು. ಅದೃಷ್ಟವಶಾತ್ ಹಾಗಾಗಲಿಲ್ಲ, ರಾತ್ರಿಯ ಹೊತ್ತಿಗೆ ಮರಿ ಎಂದಿನಂತೆ ಊಟಕ್ಕೆ ಬಂತು.

ನಮ್ಮ ಮನೆಯಲ್ಲಿ ಮನಿ ಪ್ಲಾಂಟ್ ಕಿಟಕಿಯ ಬಳಿ, ತಾರಸಿಯ ಕೊಕ್ಕೆಗೆ ತೂಗುಹಾಕಿದ ಕುಂಡದಲ್ಲಿದೆ. ಎತ್ತರದಲ್ಲಿಟ್ಟರಷ್ಟೇ ಸಾಲದು, ಅಲ್ಲಿಗೆ ಹಾರಲು ಮೆಟ್ಟಿಲಾಗುವ ಫ್ರಿಜ್ಜು, ಬೀರು, ಪುಸ್ತಕದ ಕಪಾಟುಗಳೂ ದೂರವಿರಬೇಕು. ಗಾಳಿಗೆ ಓಲಾಡುವ ಬಳ್ಳಿಯ ತುದಿಯೇ ಬೆಕ್ಕಿಗೆ ಆಟದ ವಸ್ತುವಾಗುವುದರಿಂದ, ಬಳ್ಳಿ ಕೆಳಗಿಳಿದಾಗಲೆಲ್ಲ ಕತ್ತರಿಸುತ್ತೇನೆ. ಕತ್ತರಿಸಿದ ತುಂಡುಗಳನ್ನು ಆಗಿಂದಾಗಲೇ ಮುಚ್ಚಳವಿರುವ ಹಸಿಕಸದ ಬುಟ್ಟಿಗೆ ಹಾಕುತ್ತೇನೆ. ಎಲೆ ಒಣಗಿದರೂ ಹರಳುಗಳು ಹಾಗೆಯೇ ಉಳಿಯುತ್ತವೆ. ನೀರಿನ ಬಾಟಲಿಯಲ್ಲಿ ಬಳ್ಳಿ ಬೆಳೆಸಿ ಊಟದ ಮೇಜಿನ ಮೇಲಿಡುವ ರೂಢಿಯನ್ನು ನಾನು ಇಟ್ಟುಕೊಂಡಿಲ್ಲ.

ಬೆಕ್ಕಿಗೆ ಹುಲ್ಲು ತಿನ್ನುವ ಸ್ವಭಾವ ಹುಟ್ಟಿನಿಂದಲೇ ಇರುತ್ತದೆ. ಅದನ್ನು ಗದರಿಸಿ ಬಿಡಿಸುವುದಕ್ಕಿಂತ ತಿನ್ನಬಹುದಾದ ಹಸಿರನ್ನು ಒದಗಿಸುವುದೇ ಮೇಲು. ಗೋಧಿಯನ್ನು ರಾತ್ರಿ ನೆನೆಸಿಟ್ಟು, ಅಗಲವಾದ ತಟ್ಟೆಯ ಮಣ್ಣಿನಲ್ಲಿ ಚೆಲ್ಲಿದರೆ ಸುಮಾರು ಒಂದು ವಾರದಲ್ಲಿ ಮೇಯುವಷ್ಟು ಹುಲ್ಲು ಬರುತ್ತದೆ. ಇದಕ್ಕೆ ಅಡುಗೆಮನೆಯ ಡಬ್ಬಿಯ ಗೋಧಿಯೇ ಸರಿ. ಬಿತ್ತನೆಗೆಂದು ಮಾರುವ ಬಣ್ಣ ಹಚ್ಚಿದ ಬೀಜಕ್ಕೆ ಶಿಲೀಂಧ್ರನಾಶಕ ಬಳಿದಿರುತ್ತಾರೆ. ಈ ತಟ್ಟೆ ಬಂದ ಮೇಲೆ ನಮ್ಮ ಬೆಕ್ಕುಗಳು ಬೇರೆ ಕುಂಡಗಳತ್ತ ಹೋಗುವುದು ಬಹಳ ಕಡಿಮೆಯಾಗಿದೆ.

ನೆಲದ ಮೇಲಿನ ಕುಂಡಗಳಲ್ಲಿ ಬೆಕ್ಕಿಗೆ ವಿಷವಲ್ಲದ ಸ್ಪೈಡರ್ ಪ್ಲಾಂಟ್, ಅರೆಕಾ ಪಾಮ್, ಬೋಸ್ಟನ್ ಫರ್ನ್ ಮಾತ್ರ ಇವೆ. ಲೋಳೆಸರ ಮತ್ತು ಸ್ನೇಕ್ ಪ್ಲಾಂಟ್ ವಾಂತಿ ಭೇದಿ ತರುವ ಕಾರಣ ಬೇರೆಯವರಿಗೆ ಕೊಟ್ಟುಬಿಟ್ಟೆ. ಯಕೃತ್ತನ್ನೇ ಕೆಡಿಸುವ ಸೈಕಾಸ್ ಅಂತೂ ಬೆಕ್ಕು ಓಡಾಡುವ ಅಂಗಳದಲ್ಲಿಯೂ ಇರಬಾರದು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಭಯವಿರುವುದು ಗೃಹಪ್ರವೇಶಕ್ಕೋ ಹುಟ್ಟುಹಬ್ಬಕ್ಕೋ ಯಾರಾದರೂ ಪ್ರೀತಿಯಿಂದ ತರುವ ಹೂಗುಚ್ಛದ ಬಗ್ಗೆ. ಅಂಗಡಿಗಳಲ್ಲಿ ಏಷಿಯಾಟಿಕ್, ಓರಿಯೆಂಟಲ್ ಎಂದು ಮಾರುವ ಲಿಲಿಗಳೂ ತೋಟದ ಡೇ ಲಿಲಿಯೂ ಬೆಕ್ಕಿನ ಮೂತ್ರಪಿಂಡಗಳನ್ನು ಒಂದೆರಡು ದಿನಗಳಲ್ಲೇ ವಿಫಲಗೊಳಿಸಬಲ್ಲವು. ಎಲೆ, ಹೂವುಗಳಷ್ಟೇ ಅಲ್ಲದೆ, ಮೈಮೇಲೆ ಉದುರಿದ ಪರಾಗವನ್ನು ನೆಕ್ಕಿಕೊಂಡರೂ, ಹೂದಾನಿಯ ನೀರನ್ನು ಕುಡಿದರೂ ಅಪಾಯವೇ. ಹೆಸರಿನಲ್ಲಿ ಲಿಲಿ ಇದ್ದರೂ ಪೀಸ್ ಲಿಲಿ ಮನಿ ಪ್ಲಾಂಟಿನ ಬಳಗದ್ದು. ಬಾಯಿ ಉರಿಸುತ್ತದೆ, ಮೂತ್ರಪಿಂಡಕ್ಕೆ ಹೋಗುವುದಿಲ್ಲ. ನಿಜವಾದ ಲಿಲಿಯಿರುವ ಗುಚ್ಛವನ್ನು ನಾನು ಬಾಗಿಲಲ್ಲಿಯೇ ಕಾರಣ ಹೇಳಿ, ತಂದವರು ಬೇಸರಿಸಿಕೊಂಡರೂ ಹೊರಗೇ ಇರಿಸುತ್ತೇನೆ. ಬೆಕ್ಕು ಅದನ್ನು ಮುಟ್ಟಿರಬಹುದೆಂಬ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಿಸಲೆಂದು ಕಾಯದೆ, ಹೂವಿನ ಒಂದು ತುಂಡನ್ನೂ ಜೊತೆಗಿಟ್ಟುಕೊಂಡು ಕೂಡಲೇ ಪಶುವೈದ್ಯರಲ್ಲಿಗೆ ಹೋಗಬೇಕು. ರಕ್ತನಾಳದ ಮೂಲಕ ದ್ರವ ಕೊಡುವ ಚಿಕಿತ್ಸೆ ಮೊದಲ 18 ಗಂಟೆಗಳೊಳಗೆ ಆರಂಭವಾದರೆ ಬೆಕ್ಕು ಉಳಿಯುವ ಸಾಧ್ಯತೆ ಹೆಚ್ಚು.